ಗರ್ಭನಿರೋಧಕ ಹಾರ್ಮೋನು ಮತ್ತು ಸ್ತನ ಕ್ಯಾನ್ಸರ್: ಹೆದರಿ ನಿಲ್ಲಿಸುವ ಮುನ್ನ ಮಾಡಬೇಕಾದ ಲೆಕ್ಕ

ಮಾಲಾ-ಎನ್ ಮಾತ್ರೆ ನುಂಗುತ್ತಿರುವವರು, ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು ಹಾಕಿಸಿಕೊಳ್ಳುವವರು, ಪಿಸಿಒಡಿಗೆಂದು (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಬರೆದುಕೊಟ್ಟ ಮಾತ್ರೆಯನ್ನು ವರ್ಷಗಟ್ಟಲೆ ಮುಂದುವರಿಸಿಕೊಂಡು ಬಂದವರು, ಎಲ್ಲರೂ ಕೇಳುವುದು ಒಂದೇ ಮಾತು: ಇದರಿಂದ ಎದೆಯ ಕ್ಯಾನ್ಸರ್ ಬರುತ್ತದಂತೆ ಹೌದೇ, ಹೌದಾದರೆ ನಿಲ್ಲಿಸಿಬಿಡಲೇ? ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದೇ ಕಡೆ ವಿವರವಾಗಿ ಬರೆಯುತ್ತಿದ್ದೇನೆ. ಮೊದಲ ಪ್ರಶ್ನೆಗೆ ನೇರ ಉತ್ತರ, ಅಪಾಯ ಸ್ವಲ್ಪ ಹೆಚ್ಚುವುದು ನಿಜ. ಎರಡನೆಯದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ನಿಮ್ಮ ವಯಸ್ಸು, ಮನೆತನದ ಕಾಯಿಲೆಗಳು, ಬದಲಿಗೆ ಬಳಸಬಹುದಾದ ವಿಧಾನ, ಇವುಗಳ ಮೇಲೆ ಅದು ನಿಂತಿದೆ. ಆ ಉತ್ತರವನ್ನು ನೀವೇ ಹುಡುಕಿಕೊಂಡು ವೈದ್ಯರ ಮುಂದೆ ಹೋಗಿ ಕೂರುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಶುರು ಮಾಡುವ ಮೊದಲು ಇವಿಷ್ಟನ್ನು ಹತ್ತಿರ ಇಟ್ಟುಕೊಳ್ಳಿ: ಈಗ ಬಳಸುತ್ತಿರುವ ಮಾತ್ರೆಯ ಸ್ಟ್ರಿಪ್ಪು ಅಥವಾ ಅಂತರಾ ಕಾರ್ಡು, ತಾಯಿ ಕಾರ್ಡು ಉಳಿದಿದ್ದರೆ ಅದು, ಇತ್ತೀಚೆಗೆ ಬಿ.ಪಿ. ನೋಡಿಸಿದ ಚೀಟಿ, ಒಂದು ಹಾಳೆ ಮತ್ತು ಪೆನ್ನು. ಎದೆಯಲ್ಲಿ ಈಗಾಗಲೇ ಗಂಟು ಕೈಗೆ ಸಿಕ್ಕಿದ್ದರೆ ಮಾತ್ರ ಲೆಕ್ಕವೆಲ್ಲ ಆಮೇಲೆ. ನೇರವಾಗಿ ಆರನೆಯ ಹಂತಕ್ಕೆ ಹೋಗಿ.

1. ನೀವು ಬಳಸುತ್ತಿರುವುದು ಏನೆಂದು ಖಚಿತಪಡಿಸಿಕೊಳ್ಳಿ

ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ತರುವ ಮಾತ್ರೆಯೊಳಗೆ ಏನಿದೆ ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಮಾಲಾ-ಎನ್ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ನೋಡಿ. ಅದರಲ್ಲಿ 28 ಮಾತ್ರೆಗಳಿವೆ. 21 ಬಿಳಿ ಮಾತ್ರೆಗಳಲ್ಲಿ ಮಾತ್ರ ಹಾರ್ಮೋನು ಇದೆ. ಬೇರೆ ಬಣ್ಣದ ಉಳಿದ ಏಳು ಬರೀ ಕಬ್ಬಿಣಾಂಶದವು, ಅವುಗಳನ್ನು ನುಂಗುವ ವಾರದಲ್ಲಿ ಮುಟ್ಟು ಬರುತ್ತದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಲಿವೊನಾರ್ಜೆಸ್ಟ್ರಲ್ 0.15 ಮಿ.ಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ 0.03 ಮಿ.ಗ್ರಾಂ ಎಂದಿರುತ್ತದೆ. ಮೊದಲನೆಯದು ಪ್ರೊಜೆಸ್ಟೋಜನ್, ಎಂದರೆ ಅಂಡ ಬಿಡುಗಡೆಯಾಗದಂತೆ ತಡೆದು ಗರ್ಭಕೋಶದ ಬಾಯಿಯ ಲೋಳೆಯನ್ನು ದಪ್ಪವಾಗಿಸುವ ಹಾರ್ಮೋನು. ಎರಡನೆಯದು ಈಸ್ಟ್ರೋಜನ್. ಎರಡೂ ಇರುವ ಮಾತ್ರೆಗೆ ಸಂಯುಕ್ತ ಮಾತ್ರೆ ಎನ್ನುತ್ತಾರೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಮಾಲಾ-ಡಿಯಲ್ಲಿರುವುದೂ ಇವೇ ಹಾರ್ಮೋನುಗಳು. ಸರ್ಕಾರಿ ಆಸ್ಪತ್ರೆಯ ಮಾಲಾ-ಎನ್ ಉಚಿತ ಎಂಬುದಷ್ಟೇ ವ್ಯತ್ಯಾಸ. ಪುಕ್ಕಟೆ ಮಾತ್ರೆಯಿಂದಲೇ ಕ್ಯಾನ್ಸರ್ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಅಂತರಾ ಚುಚ್ಚುಮದ್ದಿನಲ್ಲಿ ಪ್ರೊಜೆಸ್ಟೋಜನ್ ಮಾತ್ರ ಇದೆ. ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶದೊಳಗೆ ಇಡುವ ಹಾರ್ಮೋನು ವಂಕಿಯಲ್ಲಿಯೂ ಅಷ್ಟೇ. ಕಾಪರ್-ಟಿ ವಂಕಿಯಲ್ಲಿ ಹಾರ್ಮೋನೇ ಇಲ್ಲ, ಹಾಗಾಗಿ ಈ ಲೇಖನದ ಅಂಕಿಗಳು ಅದನ್ನು ಬಳಸುವವರಿಗೆ ಸಂಬಂಧಿಸಿದವಲ್ಲ. ಛಾಯಾ (ಅಂಗಡಿಯಲ್ಲಿ ಸಹೇಲಿ) ಎಂಬ ವಾರದ ಮಾತ್ರೆ ಇನ್ನೂ ಬೇರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಇದರಲ್ಲಿ ಈಸ್ಟ್ರೋಜನ್ನೂ ಇಲ್ಲ, ಪ್ರೊಜೆಸ್ಟೋಜನ್ನೂ ಇಲ್ಲ. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೊಡುವ ಟಮಾಕ್ಸಿಫೆನ್ ಯಾವ ಬಗೆಯ ಔಷಧವೋ ಇದೂ ಅದೇ ಬಗೆಯದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಎರಡು. ಪಿಸಿಒಡಿಗೆ, ಮೊಡವೆಗೆ ಅಥವಾ ಮುಟ್ಟು ಸರಿಹೋಗಲೆಂದು ಕೊಟ್ಟ ಮಾತ್ರೆ ಗರ್ಭನಿರೋಧಕವಲ್ಲ ಎಂದುಕೊಳ್ಳುವುದು ಮೊದಲನೆಯದು. ಹೆಚ್ಚಿನವು ಸಂಯುಕ್ತ ಮಾತ್ರೆಗಳೇ. ಕೊಟ್ಟ ಕಾರಣ ಯಾವುದಾದರೂ ದೇಹದ ಮಟ್ಟಿಗೆ ಲೆಕ್ಕ ಒಂದೇ. ಪಿಸಿಒಡಿ ಮಾತ್ರೆಯನ್ನು ಮದುವೆಗೆ ಮುಂಚಿನಿಂದಲೂ ತೆಗೆದುಕೊಂಡಿದ್ದರೆ ಆ ವರ್ಷಗಳನ್ನೂ ಸೇರಿಸಿ ಬರೆದುಕೊಳ್ಳಿ. ಎರಡನೆಯದು, ಸಾಗರದ ಮಾರಿಕಾಂಬಾ ಜಾತ್ರೆಗೋ ಮನೆಯ ಪೂಜೆಗೋ ಮುಟ್ಟು ಮುಂದೂಡಲು ನುಂಗುವ ನೊರೆಥಿಸ್ಟೆರಾನ್ ಮಾತ್ರೆಯನ್ನು ಇದರ ಜೊತೆ ಬೆರೆಸಿ ನೋಡುವುದು. ಮೂರು-ನಾಲ್ಕು ದಿನದ ಆ ಬಳಕೆಗೆ ಇಲ್ಲಿ ಹೇಳಲಿರುವ ಅಂಕಿಗಳು ಅನ್ವಯಿಸುವುದಿಲ್ಲ, ಹಾಗೆ ನುಂಗಿದರೆ ಗರ್ಭ ತಡೆಯುತ್ತದೆ ಎಂದೂ ಇಲ್ಲ. ಆದರೆ ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು ಅದನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಮುಟ್ಟು ನಿಂತ ಮೇಲೆ ಮೈ ಬಿಸಿ ಏರುವುದಕ್ಕೆಂದು ಕೊಡುವ ಹಾರ್ಮೋನು ಚಿಕಿತ್ಸೆಯ ಲೆಕ್ಕವೂ ಪ್ರತ್ಯೇಕ. ಅದನ್ನು ಇಲ್ಲಿ ಸೇರಿಸಿಲ್ಲ.

2. ಮನೆತನದ ವಿವರ ಕೇಳಿ ಬರೆದುಕೊಳ್ಳಿ

ನಮ್ಮ ಕಡೆಯ ಮನೆಗಳಲ್ಲಿ ಕ್ಯಾನ್ಸರ್ ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. "ಅವಳಿಗೆ ಗಡ್ಡೆ ಆಗಿತ್ತು", "ಎದೆ ಹುಣ್ಣಾಗಿ ತೀರಿಕೊಂಡಳು", "ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದರು, ಉಳಿಯಲಿಲ್ಲ" ಎಂಬಂಥ ಮಾತುಗಳಲ್ಲೇ ಅದು ಅಡಗಿರುತ್ತದೆ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂದು ಕೇಳಬೇಡಿ. ಯಾರಿಗಾದರೂ ಎದೆ ಅಥವಾ ಹೊಟ್ಟೆಯ ಗಡ್ಡೆಗೆ ಆಪರೇಷನ್ ಆಗಿತ್ತೇ, ಕೂದಲು ಉದುರುವಂಥ ಔಷಧಿ ಕೊಟ್ಟಿದ್ದರೇ, ಆಗ ಅವರ ವಯಸ್ಸೆಷ್ಟು ಎಂದು ಕೇಳಿ. ಅಮ್ಮ, ಅಕ್ಕ-ತಂಗಿ, ಚಿಕ್ಕಮ್ಮ, ಅಜ್ಜಿಯರನ್ನು ಎಲ್ಲರೂ ನೆನಪಿಸಿಕೊಳ್ಳುತ್ತಾರೆ. ಅಪ್ಪನ ಕಡೆಯ ಸೋದರತ್ತೆಯರನ್ನು ಮರೆಯುತ್ತಾರೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯವನ್ನು ಬಹಳವಾಗಿ ಹೆಚ್ಚಿಸುವ ಬಿಆರ್‌ಸಿಎ ಎಂಬ ವಂಶವಾಹಿ ದೋಷ ತಂದೆಯಿಂದಲೂ ಬರುತ್ತದೆ. 50 ವರ್ಷಕ್ಕೆ ಮೊದಲೇ ಸ್ತನ ಕ್ಯಾನ್ಸರ್ ಆದವರು, ಅಂಡಾಶಯದ ಕ್ಯಾನ್ಸರ್ ಆದವರು, ಎರಡೂ ಸ್ತನಕ್ಕೆ ಬಂದವರು, ಸ್ತನ ಕ್ಯಾನ್ಸರ್ ಆದ ಗಂಡಸರು, ಇಂಥವರು ಒಂದೇ ಕಡೆಯಲ್ಲಿ ಒಬ್ಬರಿಗಿಂತ ಹೆಚ್ಚು ಇದ್ದರೆ ಆ ಸಾಲಿಗೆ ಗೆರೆ ಎಳೆಯಿರಿ.

ಒಬ್ಬ ಅಜ್ಜಿಗೆ ಎಪ್ಪತ್ತರ ವಯಸ್ಸಿನಲ್ಲಿ ಬಂದಿತ್ತು ಎಂಬುದಷ್ಟೇ ಮಾತ್ರೆ ಬಿಡಲು ಕಾರಣವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಕುಟುಂಬದಲ್ಲಿ ಸ್ತನ ಕ್ಯಾನ್ಸರ್ ಇರುವವರಿಗೂ ಈ ವಿಧಾನಗಳನ್ನು ನಿರ್ಬಂಧಿಸಿಲ್ಲ.

3. ಶೇಕಡಾವಾರು ಕೇಳಿದ ಕೂಡಲೇ "ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ" ಎಂದು ಕೇಳಿ

ಇಡೀ ಗೊಂದಲದ ಮೂಲ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

"ಮಾತ್ರೆಯಿಂದ ಸ್ತನ ಕ್ಯಾನ್ಸರ್ ಅಪಾಯ ಶೇ. 20 ಹೆಚ್ಚು" ಎಂಬ ಸುದ್ದಿ ಸುಳ್ಳಲ್ಲ. 2017ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ 15ರಿಂದ 49 ವರ್ಷದ ಸುಮಾರು 18 ಲಕ್ಷ ಮಹಿಳೆಯರನ್ನು ಸರಾಸರಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ ಈ ಅಂಕಿಯನ್ನು ಕೊಟ್ಟಿತು. ಆದರೆ ಶೇ. 20 ಎಂದರೆ ಮಾತ್ರೆ ನುಂಗಿದ ನೂರು ಮಂದಿಯಲ್ಲಿ ಇಪ್ಪತ್ತು ಮಂದಿಗೆ ಕ್ಯಾನ್ಸರ್ ಎಂದಲ್ಲ. ಮೊದಲೇ ಇದ್ದ ಅಪಾಯ ಎಷ್ಟೋ, ಅದರ ಐದನೆಯ ಒಂದು ಭಾಗ ಅದಕ್ಕೆ ಸೇರಿತು ಎಂದಷ್ಟೇ ಅರ್ಥ. ಮೊದಲಿದ್ದದ್ದೇ ಚಿಕ್ಕದಾಗಿದ್ದರೆ ಸೇರಿದ್ದೂ ಚಿಕ್ಕದೇ.

ತಲೆ ಎಣಿಸಿ ನೋಡೋಣ. 2011ರ ಜನಗಣತಿಯಂತೆ ಶಿವಮೊಗ್ಗ ನಗರದಲ್ಲಿದ್ದವರು ಸುಮಾರು 3.22 ಲಕ್ಷ ಮಂದಿ. ಹಾಗಾಗಿ ಒಂದು ಲಕ್ಷ ಹೆಂಗಸರು ಎಂದರೆ ಎಷ್ಟು ಎಂಬ ಅಂದಾಜು ನಿಮಗೆ ಸಿಗಬಹುದು. ಡೆನ್ಮಾರ್ಕಿನಲ್ಲಿ ಹಾರ್ಮೋನು ಬಳಸದ ಒಂದು ಲಕ್ಷ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 55 ಮಂದಿಗೆ ಸ್ತನ ಕ್ಯಾನ್ಸರ್ ಬಂತು, ಬಳಸುವ ಒಂದು ಲಕ್ಷದಲ್ಲಿ ಸುಮಾರು 68 ಮಂದಿಗೆ. ಹೆಚ್ಚುವರಿಯಾಗಿ ಬಂದದ್ದು 13 ಮಂದಿಗೆ. ಬೇರೆ ರೀತಿಯಲ್ಲಿ ಹೇಳುವುದಾದರೆ, 7,690 ಮಂದಿ ಒಂದು ವರ್ಷ ಬಳಸಿದರೆ ಒಬ್ಬರಿಗೆ ಹೆಚ್ಚಾಗಿ ಬರುತ್ತದೆ. 35 ವರ್ಷದೊಳಗಿನವರನ್ನೇ ತೆಗೆದುಕೊಂಡರೆ ಲಕ್ಷಕ್ಕೆ ಇಬ್ಬರು. ಭಾರತದಲ್ಲಿ ಸ್ತನ ಕ್ಯಾನ್ಸರಿನ ಒಟ್ಟು ಪ್ರಮಾಣವೇ ಡೆನ್ಮಾರ್ಕಿಗಿಂತ ಬಹಳ ಕಡಿಮೆ ಎಂಬುದನ್ನೂ ಇದರ ಪಕ್ಕದಲ್ಲಿ ಇಟ್ಟುಕೊಳ್ಳಿ.

ವಯಸ್ಸು ಎಷ್ಟು ಮುಖ್ಯ ಎಂಬುದನ್ನು 2023ರಲ್ಲಿ ಬಂದ ಬ್ರಿಟನ್ನಿನ ಅಧ್ಯಯನ ಇನ್ನೂ ಸ್ಪಷ್ಟಪಡಿಸಿತು. ಅದರ ಅಂದಾಜಿನಂತೆ, 16ರಿಂದ 20ರ ವಯಸ್ಸಿನಲ್ಲಿ ಐದು ವರ್ಷ ಬಳಸಿದವರಲ್ಲಿ 15 ವರ್ಷಗಳ ಅವಧಿಗೆ ಲಕ್ಷಕ್ಕೆ 8 ಹೆಚ್ಚುವರಿ ಪ್ರಕರಣಗಳು. 35ರಿಂದ 39ರ ವಯಸ್ಸಿನಲ್ಲಿ ಬಳಸಿದವರಲ್ಲಿ ಲಕ್ಷಕ್ಕೆ 265, ಎಂದರೆ ಸುಮಾರು 380 ಮಂದಿಗೆ ಒಬ್ಬರು. ಶೇಕಡಾವಾರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವಯಸ್ಸಾದಂತೆ ಮೂಲ ಅಪಾಯವೇ ಏರುವುದರಿಂದ ತಲೆ ಎಣಿಕೆ ಏರುತ್ತದೆ. ಇಪ್ಪತ್ತೈದರ ಮಗಳಿಗೂ ನಲವತ್ತರ ಅತ್ತಿಗೆಗೂ ಒಂದೇ ಸಲಹೆ ಕೊಡಬಾರದು ಎನ್ನುವುದು ಇದಕ್ಕೇ. ಈಸ್ಟ್ರೋಜನ್ ಇಲ್ಲದ ವಿಧಾನಗಳಿಗೆ ಈ ಅಪಾಯವಿಲ್ಲ ಎಂಬ ಹಳೆಯ ನಂಬಿಕೆಯನ್ನೂ ಈ ಅಧ್ಯಯನ ಅಲ್ಲಗಳೆಯಿತು. ಪ್ರೊಜೆಸ್ಟೋಜನ್ ಮಾತ್ರ ಇರುವ ಮಾತ್ರೆ, ಚುಚ್ಚುಮದ್ದು, ವಂಕಿ ಎಲ್ಲದರಲ್ಲೂ ಏರಿಕೆ ಶೇ. 20ರಿಂದ 30ರ ಆಸುಪಾಸಿನಲ್ಲಿತ್ತು.

ಬಳಸಿದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಡೆನ್ಮಾರ್ಕಿನ ಅಧ್ಯಯನದಲ್ಲಿ ಒಂದು ವರ್ಷಕ್ಕಿಂತ ಕಡಿಮೆ ಬಳಸಿದವರಲ್ಲಿ ಏರಿಕೆ ಶೇ. 9, ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲಿ ಶೇ. 38. ನಿಲ್ಲಿಸಿದ ಮೇಲೆ ಅಪಾಯ ಮೆಲ್ಲಗೆ ಇಳಿಯುತ್ತದೆ. 1996ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾತ್ರೆ ನಿಲ್ಲಿಸಿ ಹತ್ತು ವರ್ಷ ಕಳೆದವರಲ್ಲಿ ಹೆಚ್ಚುವರಿ ಅಪಾಯ ಕಂಡುಬರಲಿಲ್ಲ. ಹತ್ತು-ಹನ್ನೆರಡು ವರ್ಷದ ಹಿಂದೆ, ಮೊದಲ ಮಗುವಿಗೆ ಮುಂಚೆ, ಒಂದೆರಡು ವರ್ಷ ಮಾಲಾ-ಡಿ ನುಂಗಿದ್ದೆ ಎಂದು ಈಗ ನಿದ್ದೆಗೆಡುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

4. ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಂಯುಕ್ತ ಮಾತ್ರೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿನಲ್ಲಿ ಇಟ್ಟಿದೆ ಎಂಬ ವಾಟ್ಸಾಪ್ ಸಂದೇಶ ಆಗಾಗ ಸುತ್ತುತ್ತದೆ. ವಿಷಯ ಸತ್ಯ. ತಂಬಾಕು, ಮದ್ಯ ಮಾತ್ರವಲ್ಲ, ಮಲೆನಾಡಿನ ಮನೆಮನೆಯ ಅನ್ನವಾದ ಅಡಿಕೆಯೂ ಅದೇ ಗುಂಪಿನಲ್ಲಿದೆ. ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಕವಳ ಹಾಕಿಕೊಂಡೇ ಈ ಸಂದೇಶವನ್ನು ಸೊಸೆಗೆ ಕಳಿಸುವ ಹಿರಿಯರಿಗೆ ಇದನ್ನು ತಿಳಿಸಬಹುದು.

ಅದೇ ವಿಭಾಗವು ಈ ಮಾತ್ರೆ ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಕಡಿಮೆ ಮಾಡುತ್ತದೆ ಎಂದೂ ಹೇಳಿದೆ. ಶ್ರೀಮಂತ ದೇಶಗಳ ಅಂಕಿಗಳಲ್ಲಿ, ಹತ್ತು ವರ್ಷ ಬಳಸಿದವರಲ್ಲಿ 75 ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಸಾವಿರಕ್ಕೆ 12ರಿಂದ 8ಕ್ಕೆ ಇಳಿಯಿತು. ಈ ರಕ್ಷಣೆ ಮಾತ್ರೆ ಬಿಟ್ಟು ದಶಕಗಳಾದರೂ ಉಳಿಯುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮಾತ್ರ ದೀರ್ಘ ಬಳಕೆಯಿಂದ ಕೊಂಚ ಹೆಚ್ಚುತ್ತದೆ, ಅದಕ್ಕೆ ತಪಾಸಣೆ ಇದೆ. ಜೊತೆಗೆ, ಬೇಡದ ಬಸಿರು ಮತ್ತು ಬೇಗ ಬೇಗ ಆಗುವ ಹೆರಿಗೆಗಳಿಗೂ ತಮ್ಮದೇ ಅಪಾಯಗಳಿವೆ. ರಕ್ತಹೀನತೆ ಇರುವ ಹೆಣ್ಣುಮಗಳಿಗೆ, ಮಳೆಗಾಲದಲ್ಲಿ ಆಸ್ಪತ್ರೆ ದೂರವಾಗುವ ಊರಿನಲ್ಲಿ, ಅವು ಲಕ್ಷಕ್ಕೆ ಇಷ್ಟು ಎನ್ನುವ ಲೆಕ್ಕಕ್ಕಿಂತ ಹತ್ತಿರದವು.

5. ಹಾರ್ಮೋನು ಬೇಡವೇ ಬೇಡ ಎನ್ನುವ ಪಟ್ಟಿಯಲ್ಲಿ ನೀವಿದ್ದೀರಾ ನೋಡಿ

ಸ್ತನ ಕ್ಯಾನ್ಸರ್ ಈಗ ಇರುವವರು ಯಾವ ಹಾರ್ಮೋನು ವಿಧಾನವನ್ನೂ ಬಳಸಬಾರದು. ಹಿಂದೆ ಬಂದು ವಾಸಿಯಾಗಿ ಐದು ವರ್ಷ ಕಳೆದವರಿಗೂ ಬೇರೆ ದಾರಿ ಇಲ್ಲದಿದ್ದರೆ ಮಾತ್ರ, ಅದೂ ಕ್ಯಾನ್ಸರ್ ತಜ್ಞರ ಒಪ್ಪಿಗೆಯ ಮೇಲೆ. ಇವರಿಗೆ ಕಾಪರ್-ಟಿ ನಿರಾತಂಕವಾದ ಆಯ್ಕೆ. ಬಿಆರ್‌ಸಿಎ ದೋಷ ಇರುವವರ ಲೆಕ್ಕ ತೊಡಕಿನದು, ಏಕೆಂದರೆ ಅದೇ ಮಾತ್ರೆ ಅವರಲ್ಲೂ ಅಂಡಾಶಯದ ಕ್ಯಾನ್ಸರನ್ನು ತಗ್ಗಿಸುತ್ತದೆ. ಇದನ್ನು ತಜ್ಞರೊಂದಿಗೆ ಕೂತೇ ತೀರ್ಮಾನಿಸಬೇಕು.

ಕ್ಯಾನ್ಸರಿನ ಭಯದಲ್ಲಿ ಜನ ಮರೆಯುವ ಇನ್ನೊಂದು ಪಟ್ಟಿ ಇದೆ. ನನ್ನ ಅಭಿಪ್ರಾಯದಲ್ಲಿ ಸಂಯುಕ್ತ ಮಾತ್ರೆಯ ವಿಷಯದಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ. ಬಿ.ಪಿ. 140/90 ಅಥವಾ ಅದಕ್ಕಿಂತ ಹೆಚ್ಚಿರುವವರು, 35 ದಾಟಿದ ಧೂಮಪಾನಿಗಳು, ಕಣ್ಣ ಮುಂದೆ ಮಿಂಚು ಬಂದು ಆಮೇಲೆ ಶುರುವಾಗುವ ಅರೆತಲೆನೋವಿನವರು, ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು, ತೀವ್ರ ಯಕೃತ್ತಿನ ಕಾಯಿಲೆಯವರು, ಹಾಲೂಡಿಸುತ್ತಿರುವ ಆರು ತಿಂಗಳೊಳಗಿನ ಬಾಣಂತಿಯರು ಸಂಯುಕ್ತ ಮಾತ್ರೆ ತೆಗೆದುಕೊಳ್ಳಬಾರದು. ಬಿ.ಪಿ. ನೋಡದೆ ಕೌಂಟರಿನಲ್ಲಿ ಸ್ಟ್ರಿಪ್ಪು ಕೊಟ್ಟು ಕಳಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಉಪಕೇಂದ್ರಕ್ಕೆ ಹೋಗಿ ಐದು ನಿಮಿಷ ಕೂತರೆ ಅದನ್ನು ನೋಡಿಕೊಡುತ್ತಾರೆ.

6. ಎದೆಯನ್ನು ಪರೀಕ್ಷಿಸಿಕೊಳ್ಳುವುದು

ಮಾತ್ರೆ ಬಳಸಲಿ ಬಿಡಲಿ, ಈ ಹಂತವನ್ನು ಯಾರೂ ದಾಟಬಾರದು. ಮುಟ್ಟು ಶುರುವಾಗಿ ಏಳರಿಂದ ಹತ್ತು ದಿನದೊಳಗೆ, ಎದೆಯ ಬಿಗಿತ ಇಳಿದ ಮೇಲೆ, ಕನ್ನಡಿಯ ಮುಂದೆ ಕೈ ಕೆಳಗಿಟ್ಟು ಒಮ್ಮೆ, ಮೇಲೆತ್ತಿ ಒಮ್ಮೆ ನೋಡಿ. ನಂತರ ಬೆರಳ ತುದಿಯಿಂದಲ್ಲ, ಮೂರು ಬೆರಳುಗಳ ಒಳಬದಿಯ ಚಪ್ಪಟೆ ಭಾಗದಿಂದ ಸುತ್ತಲೂ ಒತ್ತಿ ನೋಡುತ್ತ ಕಂಕುಳಿನವರೆಗೆ ಹೋಗಿ. ಬೆರಳ ತುದಿಯಿಂದ ಚಿವುಟಿದರೆ ಸಹಜ ಮಾಂಸವೇ ಗಂಟಿನಂತೆ ಸಿಕ್ಕಿ ಅನಾವಶ್ಯಕ ಗಾಬರಿಯಾಗುತ್ತದೆ. ಹೊಸ ಗಂಟು, ಒಳಕ್ಕೆ ಸೆಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ, ಕಿತ್ತಳೆ ಸಿಪ್ಪೆಯಂತಾದ ಅಥವಾ ಗುಳಿಬಿದ್ದ ಚರ್ಮ, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದೇ ಒಂದು ಕಂಡರೂ ವೈದ್ಯರಿಗೆ ತೋರಿಸಬೇಕು. ನೋವಿಲ್ಲ ಎಂಬುದು ಸಮಾಧಾನದ ಕಾರಣವಲ್ಲ. ಆರಂಭದ ಕ್ಯಾನ್ಸರ್ ಗಂಟು ಬಹುತೇಕ ನೋಯುವುದಿಲ್ಲ. ಹಾಗೆಯೇ, ಎಳೆ ವಯಸ್ಸಿನವರ ಜಾರುವ ಗಂಟುಗಳಲ್ಲಿ ಹೆಚ್ಚಿನವು ಫೈಬ್ರೊಅಡೆನೋಮ ಎಂಬ ನಿರುಪದ್ರವಿ ಗಡ್ಡೆಗಳು.

30 ದಾಟಿದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸ್ತನ, ಬಾಯಿ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ. ಗಂಟು ಸಿಕ್ಕಿದ್ದರೆ ತಾಲ್ಲೂಕು ಆಸ್ಪತ್ರೆಯ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಿ. ವೈದ್ಯರು ಕೈಯಿಂದ ಪರೀಕ್ಷಿಸಿ, ವಯಸ್ಸು ನೋಡಿಕೊಂಡು ಅಲ್ಟ್ರಾಸೌಂಡ್ ಅಥವಾ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಿ, ಸಂಶಯವಿದ್ದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ ಎಂಬ ಮಾತು ನಮ್ಮಲ್ಲಿ ಎಷ್ಟೋ ಮಂದಿಯ ಚಿಕಿತ್ಸೆಯನ್ನು ತಡಮಾಡಿಸಿದೆ. ಅದು ನಿಜವಲ್ಲ. ನಾಟಿ ಔಷಧಿಯಲ್ಲಿ ನಂಬಿಕೆ ಇರುವವರಿಗೂ ನನ್ನ ಮಾತು ಇಷ್ಟೇ: ಗಂಟು ಏನೆಂದು ತಿಳಿಯುವ ಮೊದಲು ಲೇಪ ಹಚ್ಚಿಕೊಂಡು ತಿಂಗಳುಗಟ್ಟಲೆ ಕಾಯಬೇಡಿ.

7. ವೈದ್ಯರೊಂದಿಗೆ ಮಾತು, ನಂತರ ಬದಲಾವಣೆ

ನೀವು ಬರೆದ ಹಾಳೆಯನ್ನು ಮುಂದಿಟ್ಟು ನೇರವಾಗಿ ಕೇಳಿ: ನನ್ನ ವಯಸ್ಸಿಗೆ, ನನ್ನ ಮನೆತನಕ್ಕೆ ಇದನ್ನು ಇನ್ನೆಷ್ಟು ವರ್ಷ ಮುಂದುವರಿಸಬಹುದು, ನಿಲ್ಲಿಸಿದರೆ ಬದಲಿಗೆ ಏನು? ಪಿಸಿಒಡಿಗೆ ಬಳಸುತ್ತಿದ್ದರೆ ನಿಲ್ಲಿಸಿದಾಗ ಮುಟ್ಟು ತಿಂಗಳುಗಟ್ಟಲೆ ತಪ್ಪುವ ಸಾಧ್ಯತೆಯ ಬಗ್ಗೆಯೂ ಕೇಳಬೇಕು, ಏಕೆಂದರೆ ಹಾಗೆ ತಪ್ಪುತ್ತಲೇ ಇದ್ದರೆ ಗರ್ಭಕೋಶದ ಒಳಪದರ ದಪ್ಪವಾಗಿ ಅದೇ ಬೇರೆ ತೊಂದರೆಗೆ ಕಾರಣವಾಗುತ್ತದೆ. ಇಪ್ಪತ್ತರ ಆಸುಪಾಸಿನವರು ಮುಂದುವರಿಸುವುದರಲ್ಲಿ ನನಗೆ ಆತಂಕ ಕಾಣುವುದಿಲ್ಲ. 35 ದಾಟಿದ, ಇನ್ನು ಮಕ್ಕಳು ಬೇಡವೆಂದು ತೀರ್ಮಾನಿಸಿದವರು ಮಾತ್ರ ಹಾರ್ಮೋನಿಲ್ಲದ ದಾರಿಯನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಬದಲಿಸುವಾಗ ಆಗುವ ದೊಡ್ಡ ಎಡವಟ್ಟು ಎಂದರೆ ಸುದ್ದಿ ಕೇಳಿದ ರಾತ್ರಿಯೇ ಸ್ಟ್ರಿಪ್ಪು ಎಸೆದು, ಬೇರೆ ಏನನ್ನೂ ಬಳಸದೆ ಇರುವುದು. ಮಾತ್ರೆ ಬಿಟ್ಟ ಮೊದಲ ತಿಂಗಳಲ್ಲೇ ಬಸಿರು ನಿಲ್ಲಬಹುದು. ತುರ್ತು ಕಾರಣವಿಲ್ಲದಿದ್ದರೆ ಕೈಯಲ್ಲಿರುವ ಸ್ಟ್ರಿಪ್ಪನ್ನು ಮುಗಿಸಿ, ಹೊಸ ವಿಧಾನ ನೆಲೆಯಾಗುವವರೆಗೆ ಕಾಂಡೋಮ್ ಬಳಸಿ. ಕಾಪರ್-ಟಿ 380ಎ ಹತ್ತು ವರ್ಷ, ಕಾಪರ್-ಟಿ 375 ಐದು ವರ್ಷ ಕೆಲಸ ಮಾಡುತ್ತದೆ; ಮೊದಲ ಕೆಲವು ತಿಂಗಳು ಸ್ರಾವ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಕಡಿಮೆ ಇರುವವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಛಾಯಾ ಮಾತ್ರೆಯನ್ನು ಮುಟ್ಟಿನ ಮೊದಲ ದಿನ ಶುರುಮಾಡಿ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು ತೆಗೆದುಕೊಳ್ಳಬೇಕು. ಮುಟ್ಟು ತಡವಾಗುವುದು ಅದರಲ್ಲಿ ಸಾಮಾನ್ಯ. ಪಿಸಿಒಡಿ ಇರುವವರಿಗೂ ಇತ್ತೀಚೆಗೆ ಕಾಮಾಲೆ ಆದವರಿಗೂ ಅದು ಹೊಂದುವುದಿಲ್ಲ. ಇಷ್ಟೆಲ್ಲ ಲೆಕ್ಕದಲ್ಲಿ ಗಂಡನ ಹೆಸರು ಎಲ್ಲೂ ಬರುವುದಿಲ್ಲ ಎಂಬುದು ಸೋಜಿಗ. ಗಂಡಸರ ಎನ್‌ಎಸ್‌ವಿ (ಕತ್ತಿ ಬಳಸದೆ ಮಾಡುವ ಸಂತಾನಹರಣ) ಶಸ್ತ್ರಚಿಕಿತ್ಸೆಗೆ ಹೊಲಿಗೆಯೂ ಬೇಡ, ಅದೇ ದಿನ ಮನೆಗೆ ಬರಬಹುದು. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸುವವರೆಗೆ ಮಾತ್ರ ಕಾಂಡೋಮ್ ಬೇಕು.

ಅಂತರಾ ಬಿಡುವವರಿಗೆ ಒಂದು ಸೂಚನೆ. ಹಾಕಿಸಿಕೊಂಡ ಚುಚ್ಚುಮದ್ದನ್ನು ಹಿಂದಕ್ಕೆ ತೆಗೆಯಲಾಗದು, ಅದರ ಪ್ರಭಾವ ಮೂರು ತಿಂಗಳು ಇದ್ದೇ ಇರುತ್ತದೆ. ಮತ್ತೆ ಬಸಿರಾಗಲು ಕೊನೆಯ ಚುಚ್ಚುಮದ್ದಿನಿಂದ ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ, ಆದರೆ ಅದನ್ನೇ ನೆಚ್ಚಿಕೊಂಡು ಎಚ್ಚರ ತಪ್ಪುವಂತಿಲ್ಲ. ಕಾರ್ಡಿನಲ್ಲಿ ಮುಂದಿನ ಚುಚ್ಚುಮದ್ದಿಗೆ ಬರೆದಿರುವ ದಿನಾಂಕಕ್ಕೆ ಮೊದಲೇ ಕಾಪರ್-ಟಿ ಹಾಕಿಸಿಕೊಂಡರೆ ನಡುವೆ ಖಾಲಿ ಬೀಳುವುದಿಲ್ಲ.